ಎರಡೂಕಾಲು ಇಂಚು ಹುಲ್ಲು

ಸ್ಟರ್ಜನ್ ಬೆಂಡ್ ಹೆರಾನ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ ಸಂಘದ ಅಧ್ಯಕ್ಷೆ ಶ್ರೀಮತಿ ಬರ್ನಿಸ್ ಶ್ಲೂಟರ್ ಅವರೇ, ತಂಡದ ಮಾಲೀಕರೂ ನಮ್ಮೂರಿನ ಚೀಸ್ ಕಾರ್ಖಾನೆಯ ಒಡೆಯರೂ ಆದ ಶ್ರೀ ಗಾರ್ಡನ್ ಹಾಲ್ವರ್ಸನ್ ಅವರೇ, ಕೋಚ್ ಶ್ರೀ ಕರ್ಟಿಸ್ ಮೇಬರಿ ಅವರೇ, ಈ ವರ್ಷ ಸೋತು ಸೋತು ಸುಸ್ತಾಗಿರುವ ನಮ್ಮ ಆಟಗಾರರೇ, ಅವರು ಸೋಲುವುದನ್ನು ಟಿಕೆಟ್ ಕೊಂಡು ನೋಡಿದ ಸಹನಾಮೂರ್ತಿಗಳಾದ ಸಭಿಕರೇ, ಹಾಗೂ ಇಷ್ಟು ಜನಕ್ಕೂ ಮೀನು ಕರಿದು ಬಡಿಸಿ ಈಗ ಅಡುಗೆಮನೆಯ ಕಿಟಕಿಯಿಂದ ಇಣುಕುತ್ತಿರುವ ಚರ್ಚಿನ ತಾಯಂದಿರೇ,

ನಾನು ಲೊರೆಟಾ ಕ್ಲಿಮೆಕ್. ನಲವತ್ತು ವರ್ಷದಿಂದ ಹೆರಾನ್ಸ್ ಮೈದಾನವನ್ನು ನೋಡಿಕೊಳ್ಳುತ್ತಿರುವವಳು. ಹುಲ್ಲಿನ ಜೊತೆ ಮಾತನಾಡಿ ಅಭ್ಯಾಸವಿದೆ, ಮೈಕಿನ ಜೊತೆ ಇಲ್ಲ. ಹುಲ್ಲಿಗೆ ಒಂದು ಒಳ್ಳೆಯ ಗುಣ, ನಡುವೆ ಕೆಮ್ಮುವುದಿಲ್ಲ.

ಇವತ್ತು ನನಗೆ ಸನ್ಮಾನ ಮಾಡಿದ್ದೀರಿ. ಹಿತ್ತಾಳೆಯ ಫಲಕ ಕೊಟ್ಟಿದ್ದೀರಿ. ಬರ್ನಿಸ್ ನನ್ನ ಬಗ್ಗೆ ಆಡಿದ ಹೊಗಳಿಕೆಯನ್ನು ಕೇಳುತ್ತಾ, ಯಾರಪ್ಪಾ ಈ ಹೆಂಗಸು, ಇವಳನ್ನು ಒಮ್ಮೆ ನೋಡಬೇಕಲ್ಲ ಎಂದುಕೊಂಡೆ. ವೇದಿಕೆಗೆ ಬರುವ ಮುಂಚೆ ಅದೇ ಬರ್ನಿಸ್ ನನ್ನ ತೋಳು ಹಿಡಿದು ಹೇಳಿದ್ದಳು: "ಐದೇ ನಿಮಿಷ ಮಾತಾಡು ಲೊರೆಟಾ. ಅಳ್ಬೇಡ. ದೇವ್ರಾಣೆ, ಈ ವರ್ಷದ ಆಟದ ವಿಷಯ ಮಾತ್ರ ಎತ್ಬೇಡ." ಅಧ್ಯಕ್ಷರೇ, ಕ್ಷಮಿಸಬೇಕು. ಐದು ನಿಮಿಷ ಸಾಲುವುದಿಲ್ಲ. ಅಳುವುದಿಲ್ಲ ಎಂದು ಮಾತು ಕೊಡಲಾರೆ. ಇನ್ನು ಮೂರನೆಯದು, ನಾನು ಎತ್ತಲೆಂದೇ ಬಂದಿರುವ ವಿಷಯ.

ನಮ್ಮ ತಂಡ ಈ ವರ್ಷ ಯಾಕೆ ಹೀಗಾಯಿತು? ಮೇ ತಿಂಗಳಿಂದ ಊರಿನಲ್ಲಿ ಬೇರೆ ಮಾತಿದೆಯೇ? ಕ್ಷೌರದಂಗಡಿಯಲ್ಲಿ ಇದೇ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದರೂ ಇದೇ. ಒಬ್ಬರು ಚೆಂಡೆಸೆಯುವ ನಮ್ಮ ಎಡಗೈ ಪಿಚರನ ಮೊಣಕೈ ಅನ್ನುತ್ತಾರೆ. ಇನ್ನೊಬ್ಬರು ಆಟಗಾರರು ಕೂರುವ ಕಟ್ಟೆಗೆ ಹಸಿರು ಬಣ್ಣ ಹೊಡೆದದ್ದೇ ಅಪಶಕುನ ಅನ್ನುತ್ತಾರೆ. ಸ್ಟೇಡಿಯಮ್ಮಿನ ಅಂಗಡಿಯಲ್ಲಿ ಸಾಸೇಜು ಬದಲಾದ ದಿನದಿಂದ ಸೋಲು ಶುರುವಾಯಿತು ಎಂದು ವಾದ ಮಾಡುವವರು ಈ ಸಭೆಯಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಆದರೆ ಎಲ್ಲ ದಾರಿಯೂ ಕೊನೆಗೆ ಹೋಗಿ ಸೇರುವುದು ಒಬ್ಬರ ಮನೆ ಬಾಗಿಲಿಗೆ. ಕೋಚ್ ಸರಿಯಿಲ್ಲ. ಕೋಚ್ ಕೂಗಾಡುವುದಿಲ್ಲ. ಕೋಚ್ ಹೊರಗಿನವರು. ಕೋಚನ್ನು ತೆಗೆದರೆ ಎಲ್ಲಾ ಸರಿಹೋಗುತ್ತದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಲ್ವರ್ಸನ್ ಅವರ ಆಫೀಸಿನಲ್ಲಿ ಸಭೆಯಿದೆ. ಕರ್ಟಿಸ್ ಮೇಬರಿ ಅವರನ್ನು ಕೆಲಸದಿಂದ ತೆಗೆಯುವ ಪತ್ರ ಟೈಪಾಗಿದೆ. ಇದು ಗುಟ್ಟು. ಗುಟ್ಟೆಂದರೆ ಊರಿಗೆಲ್ಲಾ ಗೊತ್ತಿದೆ, ಅವರ ಮುಂದೆ ಮಾತ್ರ ಆಡುವುದಿಲ್ಲ. ಇಗೋ, ಅವರು ಇಲ್ಲೇ ನನ್ನ ಬಲಗಡೆ ಕೂತು, ಏನೂ ಗೊತ್ತಿಲ್ಲದವರ ಹಾಗೆ ಆಲೂಗಡ್ಡೆ ತಿನ್ನುತ್ತಿದ್ದಾರೆ. ಗಾರ್ಡನ್, ನೀವು ಹಾಗೆ ನನ್ನನ್ನು ನೋಡಬೇಡಿ. ನಿಮ್ಮ ಆಫೀಸಿನಲ್ಲಿ ಟೈಪು ಮಾಡುವ ಹುಡುಗಿ ನನ್ನ ಪಕ್ಕದ ಮನೆಯವಳು ಎಂಬುದು ನಿಮಗೆ ಮೊದಲೇ ತಿಳಿದಿರಬೇಕಿತ್ತು.

ಸಭಿಕರೇ, ಒಂದು ಲೆಕ್ಕವನ್ನು ಯಾರೂ ಸರಿಯಾಗಿ ನೋಡಿಲ್ಲ. ನಮ್ಮ ತಂಡ ಈ ವರ್ಷ ಬೇರೆ ಊರುಗಳಲ್ಲಿ ಆಡಿದ ಆಟ ನಲವತ್ಮೂರು. ಗೆದ್ದದ್ದು ಇಪ್ಪತ್ತೇಳು! ನಮ್ಮದೇ ಮೈದಾನದಲ್ಲಿ ಆಡಿದ್ದು ನಲವತ್ನಾಲ್ಕು. ಗೆದ್ದದ್ದು ಹನ್ನೆರಡು. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ನಮ್ಮವರು ಮಾರು ಗೆದ್ದು ಬಂದು ಮನೆಯಲ್ಲಿ ಮಣ್ಣು ಮುಕ್ಕಿದರು. ಅದೇ ಹುಡುಗರು, ಅದೇ ಕೋಚ್, ಅದೇ ಮೊಣಕೈ. ಬೇರೆ ಊರಿನಲ್ಲಿ ಗೆಲ್ಲುವ ಮೊಣಕೈ ನಮ್ಮೂರಿನಲ್ಲಿ ಯಾಕೆ ಸೋಲುತ್ತದೆ? ಊರಿನಿಂದ ಊರಿಗೆ ಬದಲಾಗುವುದು ಏನು? ಯೋಚಿಸಿ. ನಾನು ನೀರು ಕುಡಿಯುತ್ತೇನೆ.

ಅದನ್ನು ಹೇಳುವ ಮುಂಚೆ ನನ್ನ ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ನನ್ನ ಅಪ್ಪ ಫ್ಲೋರಿಯನ್ ಕ್ಲಿಮೆಕ್ ನನಗಿಂತ ಮುಂಚೆ ಇದೇ ಮೈದಾನದ ಮಾಲಿ. ಬೆಂಕಿಕಡ್ಡಿಯನ್ನು ನೆಲಕ್ಕೆ ಚುಚ್ಚಿ ಹುಲ್ಲಿನ ಎತ್ತರ ಅಳೆಯುತ್ತಿದ್ದ. ಹೆಬ್ಬೆರಳು ಒತ್ತಿ ಮಣ್ಣಿನ ತೇವ ಹೇಳುತ್ತಿದ್ದ. ನೋಡುವವರಿಗೆ ಬೇಸ್‌ಬಾಲ್ ಮೈದಾನಗಳೆಲ್ಲ ಒಂದೇ. ನಮ್ಮ ಕಸುಬಿನವರಿಗೆ ಗೊತ್ತು, ಒಂದರ ಹಾಗೆ ಇನ್ನೊಂದು ಇಲ್ಲ. ಮನೆಯ ನೆಲ ಮನೆಯವರ ಪರ ನಿಲ್ಲಬೇಕು, ಇದು ಎಲ್ಲ ಊರಿನ ಮಾಲಿಗಳೂ ಸದ್ದಿಲ್ಲದೆ ಪಾಲಿಸುವ ಧರ್ಮ. ನಮ್ಮ ತಂಡದಲ್ಲಿ ವೇಗವಾಗಿ ಓಡುವವರಿದ್ದರೆ ನೆಲವನ್ನು ಗಟ್ಟಿ ಮಾಡುತ್ತೇವೆ, ಕಾಲು ಚಿಮ್ಮುತ್ತದೆ. ಎದುರಿನವರು ಓಡುವವರಾಗಿದ್ದರೆ ಅವರು ಓಡಿ ಮುಟ್ಟಬೇಕಾದ ಬೇಸಿನ ಸುತ್ತ ಒಂದೆರಡು ಕೊಡ ನೀರು ಹೆಚ್ಚು ಬೀಳುತ್ತದೆ, ಕಾಲು ಹೂತುಹೋಗುತ್ತದೆ. ನಮ್ಮವರು ಚೆಂಡನ್ನು ನೆಲಕ್ಕೆ ಹೊಡೆದು ಕಾವಲಿನವರ ಸಂದಿಯಲ್ಲಿ ತೂರಿಸುವವರಾದರೆ ಹುಲ್ಲು ಗಿಡ್ಡ. ನಮ್ಮ ಕಾವಲಿನವರು ನಿಧಾನದವರಾದರೆ ಹುಲ್ಲು ಎತ್ತರ, ಚೆಂಡು ಹುಲ್ಲಿಗೆ ಸಿಕ್ಕಿ ತೆವಳಿಕೊಂಡು ಬರುತ್ತದೆ, ಹಿಡಿಯಲು ಸಮಯ ಸಿಗುತ್ತದೆ. ಇದು ಮೋಸವೇ ಎಂದು ನಾನು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. "ನೆಂಟ್ರು ಬಂದಾಗ ಒಳ್ಳೆ ಕುರ್ಚಿ ನಮ್ಮ ಅಜ್ಜಿಗೆ ಕೊಡ್ತೀವಲ್ಲ, ಅದು ಮೋಸನಾ? ಹಾಗೇ ಇದು," ಎಂದಿದ್ದ.

ಅಪ್ಪನ ಅಕ್ಕನ ಮಗ ಒಂದು ವರ್ಷ ಇದೇ ತಂಡದಲ್ಲಿ ಪಿಚರನಾದ. ಪಿಚರ್ ನಿಂತು ಚೆಂಡು ಎಸೆಯುವ ಮಣ್ಣಿನ ದಿಬ್ಬ ಎತ್ತರವಿದ್ದರೆ ಅವನಿಗೆ ಹಿತ. ತಂಡದ ಉಳಿದ ಪಿಚರುಗಳಿಗೆ ಅದು ತಗ್ಗಿರಬೇಕಿತ್ತು. ನಮ್ಮ ಅತ್ತೆ ಮನೆಗೇ ಬಂದು ಕೂತಳು: "ಫ್ಲೋರಿಯನ್, ಸ್ವಂತ ಸೋದರಳಿಯ ಕಣೋ. ಎರಡು ಬುಟ್ಟಿ ಮಣ್ಣು ಹಾಕಿದ್ರೆ ನಿನ್ ಗಂಟೇನ್ ಹೋಗತ್ತೆ?" ಅಪ್ಪ ಮರುದಿನ ಹೋಗಿ ದಿಬ್ಬವನ್ನು ಇನ್ನೂ ಒಂದು ಇಂಚು ತಗ್ಗಿಸಿ ಬಂದ. ಅತ್ತೆ ಆರು ವರ್ಷ ಕ್ರಿಸ್‌ಮಸ್ ಊಟಕ್ಕೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅಪ್ಪ ಆಗ ನನಗೆ ಹೇಳಿದ ಮಾತು ಇದು: "ನೆಲ ತಂಡದ್ದು, ಲೋರಿ. ನನ್ದಲ್ಲ, ನಿನ್ದಲ್ಲ, ನಿನ್ ಅತ್ತೆ ಮಗನ್ದೂ ಅಲ್ಲ. ಒಬ್ಬನಿಗೋಸ್ಕರ ನೆಲ ಮಾಡಿದ್ರೆ ತಂಡದ ಒಂಬತ್ತೂ ಜನ ಬೀಳ್ತಾರೆ." ನಾನು ಆ ಮಾತನ್ನು ಮೂವತ್ತೊಂಬತ್ತು ವರ್ಷ ಪಾಲಿಸಿದೆ.

ನನಗೆ ಮದುವೆಯಾಗಿತ್ತು. ಹೊಸಬರಿಗೆ ಗೊತ್ತಿರಲಾರದು. ರಾಂಡಿ ಒಳ್ಳೆಯವನೇ. ಆದರೆ ಅವನಿಗೆ ಹುಲ್ಲು ಕಂಡರೆ ಸೀನು. ನಾನು ಸಂಜೆ ಮನೆಗೆ ಬಂದರೆ ಸಾಕು, ಹದಿನೈದು, ಇಪ್ಪತ್ತು, ಲೆಕ್ಕವಿಲ್ಲದೆ ಸೀನುತ್ತಿದ್ದ. ನಗಬೇಡಿ. ನಗಿ, ಪರವಾಗಿಲ್ಲ. ಒಂದು ದಿನ ಕಣ್ಣೊರೆಸಿಕೊಂಡು ಕೇಳಿದ, "ಲೊರೆಟಾ, ನಾನಾ, ಮೈದಾನನಾ?" ನಾನು ಉತ್ತರ ಹೇಳಲು ಸ್ವಲ್ಪ ತಡ ಮಾಡಿದೆ. ಆ ತಡವೇ ಉತ್ತರವಾಯಿತು. ಅವನೀಗ ಅರಿಜೋನಾದಲ್ಲಿದ್ದಾನೆ, ಅಲ್ಲಿ ಬರೀ ಮರಳು, ಸುಖವಾಗಿದ್ದಾನೆ ಎಂದು ಕೇಳಿದ್ದೇನೆ.

ಮನೆ ದೊಡ್ಡದಾಗಿತ್ತು. ನಮ್ಮೂರಿನ ಪದ್ಧತಿ ಗೊತ್ತಲ್ಲ, ನಮ್ಮ ಆಟಗಾರರ ಸಂಬಳ ಬಾಡಿಗೆಗೆ ಸಾಲದು, ಆದ್ದರಿಂದ ಬೇಸಿಗೆಯಲ್ಲಿ ಒಬ್ಬೊಬ್ಬ ಆಟಗಾರನನ್ನು ಒಂದೊಂದು ಮನೆಯವರು ಇಟ್ಟುಕೊಳ್ಳುತ್ತೇವೆ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈಗಲೂ ಒಬ್ಬೊಬ್ಬ ಹುಡುಗ ಫ್ರಿಜ್ಜು ಖಾಲಿ ಮಾಡುತ್ತಿದ್ದಾನೆ. ಹನ್ನೊಂದು ವರ್ಷದ ಕೆಳಗೆ ನನ್ನ ಪಾಲಿಗೆ ಬಂದವನು ಲೂಸಿಯಾನಾದ ಎಮೆರಿ ಬ್ರೂಸಾರ್ಡ್. ನಮ್ಮ ಮೂರನೇ ಬೇಸಿನ ಕಾವಲುಗಾರ. ನಿಮಗೆಲ್ಲ ಅವನ ಪರಿಚಯ ಮಾಡಿಸುವ ಅಗತ್ಯವಿಲ್ಲ, ಈ ಊರಿನಲ್ಲಿ ಹುಟ್ಟಿದ ನಾಲ್ಕು ನಾಯಿಗಳಿಗೆ ಅವನ ಹೆಸರಿದೆ.

ಮೊದಲ ದಿನವೇ ಅವನು ನನ್ನ ಅಡುಗೆಯನ್ನು ತಿಂದು ವಿನಯದಿಂದ ಕೇಳಿದ, "ಮಿಸ್ ಲೊರೆಟಾ, ಈ ಊರಲ್ಲಿ ಖಾರ ಅನ್ನೋದು ಕಾನೂನಿಗೆ ವಿರುದ್ಧನಾ?" ಎರಡನೇ ವಾರ ಅವನ ಅಮ್ಮ ಒಂದು ಪೆಟ್ಟಿಗೆ ತುಂಬಾ ಮೆಣಸಿನ ಸಾಸು ಕಳಿಸಿದಳು. ಹನ್ನೊಂದು ವರ್ಷ. ಪ್ರತಿ ಮೇ ತಿಂಗಳು ಬರುತ್ತಾನೆ, ಸೆಪ್ಟೆಂಬರಿನಲ್ಲಿ ಹೋಗುತ್ತಾನೆ. ಸೆಪ್ಟೆಂಬರಿನಿಂದ ಮೇ ತನಕ ನಾನು ಏನು ಮಾಡುತ್ತೇನೆ? ಹಿಮ ಎತ್ತುತ್ತೇನೆ. ಬೀಜದ ಪಟ್ಟಿ ಓದುತ್ತೇನೆ. ಒಂದೇ ತಟ್ಟೆ ತೊಳೆಯುತ್ತೇನೆ. ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ, ಬರೆದುಕೊಂಡು ಬಂದ ಕಾಗದದಲ್ಲಿ ಇದು ಇಲ್ಲ.

ಈ ಜನವರಿಯಲ್ಲಿ ಎಮೆರಿಗೆ ಮಂಡಿಯ ಆಪರೇಷನ್ ಆಯಿತು, ಮೂರನೆಯದು. ವಯಸ್ಸು ಮೂವತ್ತಾರು. ಫೋನು ಮಾಡಿ ಹೇಳಿದ, "ಡಾಕ್ಟ್ರು ಇನ್ನೊಂದ್ ವರ್ಷ ಆಡ್ಬೋದು ಅಂದ್ರು ಮಿಸ್ ಲೊರೆಟಾ. ಇನ್ನೊಂದೇ ಸಾಕು." ಮೇ ತಿಂಗಳಲ್ಲಿ ಚೀಲ ಹೊತ್ತು ಬಂದ. ನನ್ನ ಮನೆಯ ಮಹಡಿಗೆ ಹದಿನಾಲ್ಕು ಮೆಟ್ಟಿಲು. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಮೂರು ಮೆಟ್ಟಿಲು ಹತ್ತಿ ನಿಂತ. ಮತ್ತೆ ಮೂರು ಹತ್ತಿ ನಿಂತ. ಹತ್ತು ವರ್ಷ ಒಂದೇ ಉಸಿರಿಗೆ ಹತ್ತಿದವನ ಹೆಜ್ಜೆಯನ್ನು ಕೇಳಿದ ಕಿವಿ ಇದು. ಡಾಕ್ಟರು ಏನೇ ಹೇಳಲಿ, ನನಗೆ ಗೊತ್ತಾಯಿತು.

ಅದೇ ವಸಂತದಲ್ಲಿ ಹೊಸ ಕೋಚ್ ಕರ್ಟಿಸ್ ಮೇಬರಿ ಜಾರ್ಜಿಯಾದಿಂದ ಹೆಂಡತಿ ಮಗಳನ್ನು ಕರೆದುಕೊಂಡು ಬಂದರು. ಹಳೆಯ ದಪ್ಪನೆಯ, ಆಕಾಶಕ್ಕೆ ಹೊಡೆಯುವ ಹುಡುಗರನ್ನು ಬಿಟ್ಟು, ತೆಳ್ಳಗಿನ ಓಡುವ ಹುಡುಗರನ್ನು ತಂದರು. ಚೆಂಡನ್ನು ನೆಲಕ್ಕೆ ಬಲವಾಗಿ ಹೊಡೆದು ಸಂದಿಯಲ್ಲಿ ತೂರಿಸುವವರು, ಎಸೆತದ ನಡುವೆಯೇ ಓಡಿ ಮುಂದಿನ ಬೇಸ್ ಕದಿಯುವವರು. ಒಳ್ಳೆಯ ತಂಡ. ನಾನು ನಲವತ್ತು ವರ್ಷದಲ್ಲಿ ಕಂಡ ಒಳ್ಳೆಯ ತಂಡಗಳಲ್ಲಿ ಒಂದು, ಹೌದು, ಈಗ ಕೂತಿರುವ ಇವರೇ. ಅವರು ಬಂದ ಮೂರನೇ ದಿನವೇ ಎರಡು ಲೋಟ ಕಾಫಿ ಹಿಡಿದು ನನ್ನ ಶೆಡ್ಡಿಗೆ ಬಂದರು. "ಮಿಸೆಸ್ ಕ್ಲಿಮೆಕ್, ಒಳಗಿನ ಹುಲ್ಲನ್ನ ಒಂದು ಇಂಚು ಇಳಿಸ್ತೀರಾ? ಬೇಸಿನ ಹತ್ರ ನೆಲ ಸ್ವಲ್ಪ ಗಟ್ಟಿ ಇರ್ಲಿ. ನಮ್ಮ ಹುಡುಗ್ರು ಓಡೋರು." ನಾನು "ನೋಡೋಣ" ಎಂದೆ. ಅವರು ಹೊಸಬರು. ಈ ಊರಿನಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ ಎಂಬುದು ಅವರಿಗೆ ತಿಳಿಯದು. ಜೂನ್ ತಿಂಗಳಲ್ಲಿ ಮತ್ತೆ ಕಾಫಿ ಹಿಡಿದು ಬಂದು ಕೇಳಿದರು. ಆಗ ನಾನು ಬೀಜ, ಬೇರು, ಬಿಸಿಲು ಎಂದು ಅರ್ಧ ಗಂಟೆ ಕೊರೆದೆ. ಪಾಪ, ಕೇಳಿಕೊಂಡು, ಕಾಫಿಗೆ ಥ್ಯಾಂಕ್ಸ್ ಹೇಳಿ ಹೋದರು. ಕಾಫಿ ತಂದವರೇ ಅವರು.

ಈಗ ಹೇಳುತ್ತೇನೆ ಕೇಳಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ನಾವೆಲ್ಲ ಸೋತವರನ್ನು ಗೇಲಿ ಮಾಡುತ್ತೇವೆ. ಈ ಹುಡುಗರು ಒಂದು ದಿನವೂ ನೆಲ ಡೊಂಕು ಅನ್ನಲಿಲ್ಲ. ಆದರೆ ಸಭಿಕರೇ, ನೆಲವೇ ಡೊಂಕಿತ್ತು. ಡೊಂಕು ಮಾಡಿದವಳು ನಾನು.

ಸಾಧಾರಣವಾಗಿ ಒಂದೂಕಾಲು ಇಂಚು ಇರಬೇಕಾದ ಹುಲ್ಲನ್ನು ಎರಡೂಕಾಲು ಇಂಚು ಬಿಟ್ಟೆ. ಮಣ್ಣಿಗೆ ದಿನಾ ಬೆಳಿಗ್ಗೆ ನೀರು ಹೆಚ್ಚು ಹಾಕಿ ಮೆತ್ತಗೆ ಮಾಡಿದೆ. ಯಾಕೆ? ಎಮೆರಿಯ ಕಡೆಗೆ ಬರುವ ಚೆಂಡು ನಿಧಾನವಾಗಿ ಬರಲಿ ಎಂದು. ಅವನು ಬಗ್ಗುವಾಗ, ಬೀಳುವಾಗ, ಮಂಡಿಗೆ ನೆಲ ಮೆತ್ತಗಿರಲಿ ಎಂದು. ಮೂರನೇ ಬೇಸಿನ ಹತ್ತಿರ ಮಾತ್ರ ಹಾಗೆ ಮಾಡಿದರೆ ಅಂಪೈರನ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಬೇಸುಗಳ ನಡುವಿನ ಇಡೀ ಒಳಮೈದಾನವನ್ನೇ ಹಾಗೆ ಮಾಡಿದೆ. ನಮ್ಮ ಹುಡುಗರು ಹೊಡೆದ ಚೆಂಡುಗಳೆಲ್ಲ ಆ ಹುಲ್ಲಿನಲ್ಲಿ ಸತ್ತು, ಎದುರಾಳಿಗಳ ಕೈಗೆ ಮೆಲ್ಲಗೆ ಹೋಗಿ ಬಿದ್ದವು. ಓಡುವ ಹುಡುಗರ ಕಾಲು ಆ ಮಣ್ಣಿನಲ್ಲಿ ಹೂತುಕೊಂಡಿತು. ಎದುರಿನವರೋ, ಹೆಚ್ಚಿನವರು ಆಕಾಶಕ್ಕೆ ಹೊಡೆಯುವವರು, ಅವರಿಗೆ ಹುಲ್ಲು ಎಷ್ಟಿದ್ದರೇನು? ಕೋಚು ಏರಿಗೆಳೆದರು, ನಾನು ನೀರಿಗೆಳೆದೆ.

ಒಂದು ಸಲ ಆದ ತಪ್ಪಲ್ಲ ಇದು. ಜುಲೈ ತಿಂಗಳಲ್ಲೇ ನನಗೆ ಅರ್ಥವಾಗಿತ್ತು. ಪ್ರತಿ ಸಂಜೆ ಹುಡುಗರು ತಲೆ ತಗ್ಗಿಸಿ ಒಳಗೆ ಹೋಗುವುದನ್ನು ನೀರಿನ ಪೈಪು ಹಿಡಿದು ನೋಡುತ್ತಿದ್ದೆ. ನಾಳೆ ಕತ್ತರಿಸುತ್ತೇನೆ ಎಂದುಕೊಳ್ಳುತ್ತಿದ್ದೆ. ಮನೆಗೆ ಹೋದರೆ ಎಮೆರಿ ಮಂಡಿಗೆ ಐಸು ಕಟ್ಟಿಕೊಂಡು, ಕಣ್ಣಲ್ಲಿ ಬೆಳಕು ತುಂಬಿಕೊಂಡು ಹೇಳುತ್ತಿದ್ದ, "ಸೋತ್ವಿ, ಬೇಜಾರು. ಆದ್ರೆ ನನ್ ಮಂಡಿ ಈ ವರ್ಷ ನಿಜಕ್ಕೂ ಚೆನ್ನಾಗಿದೆ ಮಿಸ್ ಲೊರೆಟಾ. ಚೆಂಡು ತಾನಾಗೇ ನನ್ ಕಡೆ ಬರ್ತಿದೆ ಅನ್ಸತ್ತೆ." ನಾನು "ಹೌದಪ್ಪಾ, ಹೌದು" ಎನ್ನುತ್ತಾ ಇನ್ನೊಂದು ಸೌಟು ಬಡಿಸುತ್ತಿದ್ದೆ. ಬೇರೆ ಊರಿನ ಆಟಗಳಲ್ಲಿ ಕೋಚ್ ಅವನನ್ನು ಕಟ್ಟೆಯ ಮೇಲೆ ಕೂರಿಸುತ್ತಿದ್ದರು, ಬಸ್ಸಿನಲ್ಲಿ ಕೂತು ಕಾಲು ಹಿಡಿದಿರುತ್ತದೆ, ವಿಶ್ರಾಂತಿ ತಗೋ ಎನ್ನುತ್ತಿದ್ದರು. ಅವನು ಅದನ್ನೂ ನಂಬಿದ್ದ.

ಹೋದ ವಾರ ಗುರುವಾರ ಬೆಳಿಗ್ಗೆ ನಾನು ಮೈದಾನಕ್ಕೆ ಹೋದಾಗ ಯಾರೋ ಮೂರನೇ ಬೇಸಿನ ಹತ್ತಿರ ಮಂಡಿಯೂರಿ ಕೂತಿದ್ದರು. ಪ್ರಾರ್ಥನೆ ಮಾಡುತ್ತಿದ್ದಾರೇನೋ, ಈ ವರ್ಷ ಅದೂ ಸಹಜವೇ ಎಂದುಕೊಂಡೆ. ಹತ್ತಿರ ಹೋದರೆ ಕರ್ಟಿಸ್ ಮೇಬರಿ. ಕೈಯಲ್ಲಿ ಮಗಳ ಶಾಲೆಯ ಸ್ಕೇಲು.

"ಎರಡೂಕಾಲು," ಎಂದರು, ತಲೆ ಎತ್ತದೆ.

"ಯಾವಾಗಿಂದ ಗೊತ್ತು ನಿಮಗೆ?" ಎಂದೆ.

"ಜೂನ್ ಕೊನೆಯಿಂದ."

"ಮತ್ತೆ ಹಾಲ್ವರ್ಸನ್ ಅವರಿಗೆ ಯಾಕೆ ಹೇಳ್ಲಿಲ್ಲ? ನಿಮ್ಮನ್ನ ಕಳಿಸ್ತಿದ್ದಾರೆ ಅಂತ ಗೊತ್ತಲ್ವಾ?"

ಅವರು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು. ಮೇಬರಿ ಅವರೇ, ನೀವು ಅಂದು ಹೇಳಿದ ಮಾತನ್ನು ಇಲ್ಲಿ ಹೇಳಲು ನಿಮ್ಮ ಅಪ್ಪಣೆ ಕೇಳಿಲ್ಲ, ಕೇಳುವುದೂ ಇಲ್ಲ. ಅವರು ಹೇಳಿದರು: "ಹೇಳಿದ್ರೆ ನಿಮ್ಮನ್ನ ಕಳಿಸ್ತಾರೆ. ನನಗೆ ಕೆಲಸ ಇನ್ನೊಂದ್ ಊರಲ್ಲಿ ಸಿಗತ್ತೆ. ಮಗಳು ಇನ್ನೊಂದ್ ಶಾಲೆಗೆ ಹೋಗ್ತಾಳೆ, ಐದಾಯ್ತು, ಆರನೇದು. ನಿಮಗೆ ಇನ್ನೊಂದು ನೆಲ ಎಲ್ಲಿ ಸಿಗತ್ತೆ?" ಮತ್ತೆ ಹೇಳಿದರು, "ಮೂರನೇ ಸಲ ಕೇಳೋಣ ಅಂತ ಒಂದಿನ ಬಂದಿದ್ದೆ. ಆವತ್ತು ಎಮೆರಿ ಮೂರು ಚೆಂಡು ಹಿಡಿದ. ಆಟ ಹೋಯ್ತು. ಅವನ ಮುಖ ನೋಡ್ದೆ. ಕೇಳ್ದೆ ವಾಪಸ್ ಹೋದೆ."

ಮಹನೀಯರೇ, ಮಹಿಳೆಯರೇ, ನಾನು ಈ ಮನುಷ್ಯನ ಜೊತೆ ಇಡೀ ವರ್ಷದಲ್ಲಿ ಎರಡು ಲೋಟ ಕಾಫಿ ಕುಡಿದಿದ್ದೇನೆ, ಅಷ್ಟೇ. ಅವರ ಬೆನ್ನ ಹಿಂದೆ ಅವರ ಕೆಲಸಕ್ಕೆ ಗುಂಡಿ ತೋಡಿದವಳು ನಾನು. ಗುಂಡಿಯೊಳಗೆ ನಿಂತುಕೊಂಡು ಅವರು ಕೇಳಿದ್ದು, ನನಗೆ ಇನ್ನೊಂದು ನೆಲ ಎಲ್ಲಿ ಸಿಗುತ್ತದೆ ಎಂದು. ಕೂಗಾಡುವುದಿಲ್ಲ, ಅದೇ ಅವರ ದೋಷ ಎಂದು ನಾವೆಲ್ಲ ಹೇಳಿದೆವಲ್ಲ? ನಾನೂ ಹೇಳಿದ್ದೇನೆ, ಕ್ಷೌರದಂಗಡಿಯ ಮುಂದೆ ನಿಂತು, ಎಲ್ಲರಿಗಿಂತ ಜೋರಾಗಿ. ತಪ್ಪು ಮಾಡಿದವರ ಗಂಟಲು ಯಾವಾಗಲೂ ಸ್ವಲ್ಪ ದೊಡ್ಡದು.

ಆದ್ದರಿಂದ ಗಾರ್ಡನ್ ಹಾಲ್ವರ್ಸನ್ ಅವರೇ, ಸೋಮವಾರದ ಪತ್ರವನ್ನು ಹರಿಯಿರಿ. ಹರಿಯಲು ಮನಸ್ಸು ಬಾರದಿದ್ದರೆ ಅದರಲ್ಲಿ ಹೆಸರು ತಿದ್ದಿ ನನ್ನದನ್ನು ಬರೆಯಿರಿ, ಹತ್ತು ಗಂಟೆಗೆ ನಾನೇ ಬಂದು ತೆಗೆದುಕೊಳ್ಳುತ್ತೇನೆ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಗೆ ಸನ್ಮಾನ ಮಾಡಬಾರದು. ಬೇರೆ ಊರಿನ ಇಪ್ಪತ್ತೇಳು ಗೆಲುವು ಈ ಕೋಚಿನದು. ನಮ್ಮೂರಿನ ಮೂವತ್ತೆರಡು ಸೋಲು ನನ್ನದು. ಇನ್ನು ಒಂಬತ್ತು ಆಟ ಉಳಿದಿವೆ, ಆರು ಇಲ್ಲೇ. ಅವನ್ನು ಆಡಿಸಲು ಅವರಿರಬೇಕು.

ಈಗ ಕಷ್ಟದ ಮಾತು. ಇಷ್ಟು ಹೊತ್ತು ಹೇಳಿದ್ದು ಸುಲಭದ್ದು.

ಎಮೆರಿ, ತಲೆ ಎತ್ತು. ಎದ್ದು ಹೋಗಬೇಡ, ಕೂತ್ಕೋ. ಇದನ್ನು ನಿನಗೆ ಮನೆಯಲ್ಲಿ, ಊಟದ ಮೇಜಿನ ಮುಂದೆ ಹೇಳಬೇಕಿತ್ತು. ಎಂಟು ದಿನ ಪ್ರಯತ್ನ ಮಾಡಿದೆ. ಎಂಟು ದಿನವೂ ಉಪ್ಪು ಸಾಕಾ ಎಂದು ಕೇಳಿ ಸುಮ್ಮನಾದೆ. ಮನೆಯಲ್ಲಿ ಹೇಡಿಯಾದವಳು ಮುನ್ನೂರು ಜನರ ಮುಂದೆ ಧೈರ್ಯ ಮಾಡುತ್ತಿದ್ದೇನೆ, ಇದು ನಿನಗೆ ಮಾಡಿದ ಎರಡನೇ ಅನ್ಯಾಯ, ಗೊತ್ತು. ಮಂಡಿಯಲ್ಲಪ್ಪ ಅದು. ಹುಲ್ಲು. ಈ ವರ್ಷ ನಿನ್ನ ಮಂಡಿ ಚೆನ್ನಾಗಿರಲಿಲ್ಲ. ನಾನು ಹೌದು ಎಂದದ್ದೆಲ್ಲ ಸುಳ್ಳು.

ನಿನಗಾಗಿ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ಪೂರ್ತಿ ನಿಜವಲ್ಲ. ಇಲ್ಲಿ ನಿಂತ ಮೇಲೆ ಪೂರ್ತಿ ಹೇಳಿಬಿಡುತ್ತೇನೆ. ನೀನು ಆಡುವುದು ನಿಂತರೆ, ಮುಂದಿನ ಮೇ ತಿಂಗಳಲ್ಲಿ ನನ್ನ ಮನೆಗೆ ಯಾರು ಬರುತ್ತಾರೆ ಎಂದು ನನಗೆ ಭಯವಾಯಿತು. ಅಷ್ಟೇ. ಒಂದು ತಂಡ, ಒಬ್ಬ ಕೋಚು, ಅವರ ಮಗಳ ಶಾಲೆ, ಇಡೀ ಊರಿನ ಒಂದು ಬೇಸಿಗೆ, ಎಲ್ಲವನ್ನೂ ನಾನು ನನ್ನ ಭಯಕ್ಕೆ ನೀರು ಹಾಕಲು ಬಳಸಿದೆ. ನೀನು ಮೂರನೇ ಬೇಸಿನಲ್ಲಿ ನಿಲ್ಲುವವನು ಎಂಬ ಕಾರಣಕ್ಕೇ ನನ್ನ ಮನೆಗೆ ಬರುತ್ತೀಯ ಎಂದುಕೊಂಡೆನಲ್ಲ, ನಿನಗೆ ಮಾಡಿದ ದೊಡ್ಡ ಅವಮಾನ ಅದೇ. ಆ ಮಹಡಿಯ ಕೋಣೆಯನ್ನು ನಾನು ತಂಡಕ್ಕೆ ಕೊಟ್ಟಿರಬಹುದು ಹನ್ನೊಂದು ವರ್ಷದ ಕೆಳಗೆ. ಈಗ ಅದು ನಿನ್ನದು. ಆಡಿದರೂ ನಿನ್ನದು, ಬಿಟ್ಟರೂ ನಿನ್ನದು.

ಬರ್ನಿಸ್, ಕರವಸ್ತ್ರ ಬೇಡ, ಮುಗಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಐದೂವರೆಗೆ ಯಂತ್ರ ಹೊರಗೆ ತೆಗೆದು ಒಳಮೈದಾನದ ಹುಲ್ಲನ್ನು ಒಂದೂಕಾಲು ಇಂಚಿಗೆ ಇಳಿಸಿದ್ದೇನೆ. ಬುಧವಾರದಿಂದ ಮಣ್ಣಿಗೆ ನೀರು ಬಿಟ್ಟಿಲ್ಲ, ರೋಲರ್ ಎರಡು ಸಲ ಓಡಿಸಿದ್ದೇನೆ. ಒಂದೇ ದಿನಕ್ಕೆ ಇಂಚು ಕತ್ತರಿಸಿದರೆ ಹುಲ್ಲು ಹಳದಿ ತಿರುಗುತ್ತದೆ, ನಾಳೆ ನೋಡಿ ಯಾರೂ ಮೂಗು ಮುರಿಯಬೇಡಿ. ನೋಡಲು ಚೆಂದವಿಲ್ಲ, ಓಡಲು ಚೆಂದವಿದೆ. ಎಮೆರಿ, ನಾಳೆ ನಿನ್ನನ್ನು ನಿಲ್ಲಿಸುವುದೋ ಕೂರಿಸುವುದೋ ಕೋಚಿನ ಮಾತು, ಇನ್ನು ನಾನು ನಡುವೆ ಬರುವುದಿಲ್ಲ. ನಿಲ್ಲಿಸಿದರೆ, ಚೆಂಡು ಎಲ್ಲರಿಗೆ ಬರುವ ಹಾಗೇ ನಿನಗೂ ಬರುತ್ತದೆ, ಬೇಗ ಬರುತ್ತದೆ. ಹಿಡಿದರೆ ಅದು ನೀನೇ ಹಿಡಿದದ್ದು. ಈ ವರ್ಷ ಆ ಸಂತೋಷವನ್ನು ನಿನ್ನಿಂದ ಕದ್ದವಳು ನಾನು, ಒಂದು ಸಲವಾದರೂ ಅದು ನಿನಗೆ ಸಿಗಲಿ. ಹಿಡಿಯಲಾಗದಿದ್ದರೆ ಈ ಊರು ಎದ್ದು ನಿಂತು ಚಪ್ಪಾಳೆ ತಟ್ಟಲಿ. ತಟ್ಟುತ್ತೀರಲ್ಲ? ಇಲ್ಲಿಯ ತನಕ ಸೋಲಿಗೆ ಬೈದವರಿಗೆ ಅಷ್ಟು ಕೆಲಸ ಬಾಕಿಯಿದೆ.

ನನ್ನನ್ನು ಕರೆದು ಗೌರವಿಸಿದ ಸಂಘಕ್ಕೆ, ಐದು ನಿಮಿಷವನ್ನು ಇಷ್ಟು ಉದ್ದ ಎಳೆದರೂ ಸಹಿಸಿಕೊಂಡ ಅಧ್ಯಕ್ಷರಿಗೆ, ತಣ್ಣಗಾದ ಮೀನಿನ ಮುಂದೆ ಕೂತು ಕೇಳಿದ ನಿಮಗೆಲ್ಲ ವಂದನೆಗಳು. ನಾಳೆ ಮಧ್ಯಾಹ್ನ ಒಂದು ಗಂಟೆಗೆ ಆಟವಿದೆ, ಎಲ್ಲರೂ ಬನ್ನಿ.

ಕರ್ಟಿಸ್ ಮೇಬರಿ ಅವರೇ, ನೀವು ಮೇ ತಿಂಗಳಲ್ಲಿ ಕೇಳಿದ ನೆಲ ಸಿದ್ಧವಾಗಿದೆ. ತಡವಾಯಿತು, ಕ್ಷಮಿಸಿ.

ನಮಸ್ಕಾರ.